ಕರ್ಬಲ್‌ನಲ್ಲಿ ಖಾಲಿ ಟ್ಯಾಂಕಿನ ಲೆಕ್ಕ

ರಾಕೆಟ್, ವಿಮಾನ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಮ್‌ನಲ್ಲಿ ಸ್ಪೇಸ್‌ಪ್ಲೇನ್, ಅಂದರೆ ಬಾಹ್ಯಾಕಾಶಕ್ಕೂ ಹೋಗಿಬರುವ ವಿಮಾನ, ಕಟ್ಟಿ ಆದ ಮೇಲೆ ನಾನು ಮೊದಲು ಮಾಡುವ ಕೆಲಸ, ಹ್ಯಾಂಗರಿನಲ್ಲೇ ಟ್ಯಾಂಕುಗಳನ್ನೆಲ್ಲ ಖಾಲಿ ಮಾಡುವುದು. ರೈಟ್ ಕ್ಲಿಕ್ ಮಾಡಿ ಸ್ಲೈಡರನ್ನು ಸೊನ್ನೆಗೆ ಎಳೆದರೆ ಹಳದಿ ಚೆಂಡು, ಅಂದರೆ ಭಾರಕೇಂದ್ರ, ಎತ್ತ ಜಾರುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ. ಅದು ಲಿಫ್ಟ್, ಅಂದರೆ ರೆಕ್ಕೆ ಎತ್ತುವ ಬಲದ ಕೇಂದ್ರ, ತೋರಿಸುವ ನೀಲಿ ಚೆಂಡನ್ನು ದಾಟಿ ಹಿಂದೆ ಹೋಯಿತೋ, ಆ ವಿಮಾನ ರನ್‌ವೇ ಬಿಟ್ಟು ಚೆಂದಕ್ಕೇ ಏರುತ್ತದೆ, ಕಕ್ಷೆಗೂ ಹೋಗುತ್ತದೆ. ವಾಪಸು ಬರುವಾಗ ಬಾಲ ಮುಂದೆ ಮಾಡಿಕೊಂಡು ಬೀಳುತ್ತದೆ. ಮಲ್ಪೆಯಿಂದ ಹೊರಡುವ ಬೋಟಿಗೂ ಹೀಗೇ ಅಲ್ವಾ, ಡೀಸೆಲ್ಲು, ಮಂಜುಗಡ್ಡೆ ತುಂಬಿಕೊಂಡು ಹೋಗುವಾಗಿನ ಭಾರ ಒಂದು, ಬರುವಾಗಿನದ್ದು ಇನ್ನೊಂದು.

ಲೆಕ್ಕ ಕಷ್ಟದ್ದೇನಲ್ಲ ಮಾರಾಯ್ರೆ. ಲಿಕ್ವಿಡ್ ಫ್ಯುಯೆಲ್ (ದ್ರವ ಇಂಧನ), ಆಕ್ಸಿಡೈಸರ್ (ಅದನ್ನು ಉರಿಸಲು ರಾಕೆಟ್ಟಿಗೆ ಬೇಕಾದದ್ದು) ಎರಡೂ ಯೂನಿಟ್ಟಿಗೆ 5 ಕೆಜಿ. ಎಂಕೆ1 ಲಿಕ್ವಿಡ್ ಫ್ಯುಯೆಲ್ ಟ್ಯಾಂಕಿನಲ್ಲಿ 400 ಯೂನಿಟ್, ಅಂದರೆ 2 ಟನ್ ಇಂಧನ. ಖಾಲಿ ಟ್ಯಾಂಕಿನ ತೂಕ 0.25 ಟನ್. ಖಾಲಿ ಟ್ಯಾಂಕುಗಳೂ ಸೇರಿ ವಿಮಾನ 10 ಟನ್, ಅದರ ಭಾರಕೇಂದ್ರ ಮೂಗಿನಿಂದ 8 ಮೀಟರ್ ಎಂದಿಟ್ಟುಕೊಳ್ಳಿ. ಇಂಥ ಎರಡು ಟ್ಯಾಂಕು 5 ಮತ್ತು 6 ಮೀಟರಿನಲ್ಲಿದ್ದರೆ ತುಂಬಿದಾಗ ಕೇಂದ್ರ 102ನ್ನು 14ರಿಂದ ಭಾಗಿಸಿದಷ್ಟು, 7.29 ಮೀಟರ್. ಲಿಫ್ಟ್ 7.7ರಲ್ಲಿದ್ದರೆ ಹೊರಡುವಾಗ ತೊಂದರೆಯಿಲ್ಲ. ಇಂಧನ ಮುಗಿದಾಗ ಕೇಂದ್ರ 8ಕ್ಕೆ ಬಂದಿರುತ್ತದೆ, ಲಿಫ್ಟಿಗಿಂತ 30 ಸೆಂಟಿಮೀಟರ್ ಹಿಂದೆ. ಪಲ್ಟಿ ಗ್ಯಾರಂಟಿ.

ರೆಕ್ಕೆಯನ್ನಷ್ಟೇ ಹಿಂದೆ ತಳ್ಳಿದರೆ ಪಲ್ಟಿ ನಿಲ್ಲಬಹುದು, ಆದರೆ ತುಂಬಿದ ವಿಮಾನಕ್ಕೆ ಮೂಗಿನ ಭಾರ ಜಾಸ್ತಿಯಾಗಿ ರನ್‌ವೇ ಮುಗಿದರೂ ಅದು ಏಳುವುದಿಲ್ಲ. ನಾನು 6 ಮೀಟರಿನ ಟ್ಯಾಂಕನ್ನು ತೆಗೆದು 11ರಲ್ಲಿ ಇಡುತ್ತೇನೆ. ಟ್ಯಾಂಕಿನ ಸ್ವಂತ ತೂಕವೂ ಜೊತೆಗೆ ಹೋಗುವುದರಿಂದ ಖಾಲಿ ಕೇಂದ್ರ 8.125 ಆಗುತ್ತದೆ, ತುಂಬಿದ್ದು 8.09. ವ್ಯತ್ಯಾಸ ನಾಲ್ಕು ಸೆಂಟಿಮೀಟರೂ ಇಲ್ಲ. ಆಮೇಲೆ ರೆಕ್ಕೆ ಸರಿಸಿ ಲಿಫ್ಟನ್ನು 8.4ರ ಹತ್ತಿರ ತಂದರೆ ಆಯಿತು.

ಆದರೆ ಇದೆಲ್ಲ ಎರಡೂ ಟ್ಯಾಂಕು ಸಮನಾಗಿ ಇಳಿದರೆ ಮಾತ್ರ. ಮುಂದಿನದ್ದು ಬರಿದಾಗಿ ಹಿಂದಿನದ್ದು ತುಂಬಿಯೇ ಉಳಿದರೆ ಕೇಂದ್ರ 8.6ಕ್ಕೆ ಹೋಗುತ್ತದೆ, ಮತ್ತೆ ಅದೇ ಪಲ್ಟಿ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಟ್ವೀಕಬಲ್ಸ್ ಆನ್ ಮಾಡಿದರೆ ಟ್ಯಾಂಕಿನ ಮೆನುವಿನಲ್ಲಿ ಫ್ಲೋ ಪ್ರಯಾರಿಟಿ ಕಾಣುತ್ತದೆ. ದೊಡ್ಡ ಸಂಖ್ಯೆಯ ಟ್ಯಾಂಕು ಮೊದಲು ಖಾಲಿಯಾಗುತ್ತದೆ. ಅನುಮಾನವಿದ್ದರೆ ಹಿಂದಿನದಕ್ಕೆ ದೊಡ್ಡ ಸಂಖ್ಯೆ ಕೊಡಿ. ಆಗ ಕೇಂದ್ರ ಮುಂದಕ್ಕೆ, 7.6ರವರೆಗೆ ಹೋಗಬಹುದು. ಮೂಗು ಎತ್ತಲು ಸ್ವಲ್ಪ ಒದ್ದಾಟ, ಆದರೂ ತಿರುಗಿ ಬೀಳುವುದಿಲ್ಲ.

ಜೆಟ್ ಮತ್ತು ರಾಕೆಟ್ ಎಂಜಿನ್ ಎರಡೂ ಒಂದೇ ಟ್ಯಾಂಕಿನಿಂದ ಕುಡಿಯುವ ವಿನ್ಯಾಸದಲ್ಲಿ ಇನ್ನೊಂದು ಕಿರಿಕಿರಿ ಉಂಟು. ಎಫ್‌ಎಲ್-ಟಿ800 ಎಂಬ ಟ್ಯಾಂಕಿನಲ್ಲಿ 360 ಯೂನಿಟ್ ಇಂಧನ, 440 ಆಕ್ಸಿಡೈಸರ್. ರಾಕೆಟ್ ಎಂಜಿನ್ ಇವನ್ನು 9ಕ್ಕೆ 11ರಂತೆ ಸುಡುತ್ತದೆ. ಜೆಟ್‌ಗೆ ಆಕ್ಸಿಡೈಸರ್ ಬೇಡ, ಇಂಧನ ಮಾತ್ರ ಸಾಕು. ಅದು 90 ಯೂನಿಟ್ ಇಂಧನ ತಿಂದರೆ ಉಳಿದ 270ಕ್ಕೆ 330 ಆಕ್ಸಿಡೈಸರ್ ಸಾಕು. ಮಿಕ್ಕ 110 ಯೂನಿಟ್, ಅಂದರೆ 550 ಕೆಜಿ, ಯಾವ ಉಪಯೋಗಕ್ಕೂ ಇಲ್ಲದೆ ಇಳಿಯುವವರೆಗೂ ಜೊತೆಗಿರುತ್ತದೆ. ಅದು ಬಾಲದ ಟ್ಯಾಂಕಿನಲ್ಲಿದ್ದರೆ ಮೇಲಿನ ಲೆಕ್ಕವೆಲ್ಲ ಕೆಟ್ಟಿತು. ಹೊರಡುವ ಮೊದಲೇ ಆಕ್ಸಿಡೈಸರ್ ಸ್ಲೈಡರನ್ನು 330ಕ್ಕೆ ಇಳಿಸಿ.

ಹಾರುತ್ತಿರುವಾಗ ಸರಿಪಡಿಸಬೇಕಾದರೆ ಒಂದು ಟ್ಯಾಂಕಿನ ಮೇಲೆ ರೈಟ್ ಕ್ಲಿಕ್, ಇನ್ನೊಂದರ ಮೇಲೆ ಆಲ್ಟ್ ಹಿಡಿದು ರೈಟ್ ಕ್ಲಿಕ್. ಇನ್, ಔಟ್ ಗುಂಡಿಗಳು ಬರುತ್ತವೆ. ಕಾಂಕಾರ್ಡ್ ವಿಮಾನವೂ ಶಬ್ದದ ವೇಗ ದಾಟುವಾಗ ಹೀಗೇ ಇಂಧನವನ್ನು ಹಿಂದಕ್ಕೆ ಪಂಪ್ ಮಾಡುತ್ತಿತ್ತು. ಹಣ ಗಳಿಸುತ್ತಾ ಆಡುವ ಕರಿಯರ್ ಮೋಡಿನಲ್ಲಿ ರಿಸರ್ಚ್ ಕಟ್ಟಡವನ್ನು ಅಪ್‌ಗ್ರೇಡ್ ಮಾಡದೆ ಈ ಸೌಲಭ್ಯ ಸಿಗುವುದಿಲ್ಲ. ಇಂಧನ ಸಾಗಿಸುವುದು ವಾತಾವರಣ ಮುಟ್ಟುವ ಮೊದಲೇ ಮುಗಿಯಬೇಕು, ಆಟದ ಭೂಮಿಯಾದ ಕರ್ಬಿನ್‌ನಲ್ಲಿ ಅದು 70 ಕಿಲೋಮೀಟರ್ ಎತ್ತರದಲ್ಲಿ ಶುರು. ಅದಕ್ಕೂ ಮೊದಲು ಎಫ್5 ಒತ್ತಿ ಸೇವ್ ಮಾಡಿ. ಆಟಿಯ ಮಳೆಗೆ ಉಡುಪಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಿಕ್ಕಾಗುವುದಿಲ್ಲ.

ರಾಕೆಟ್ಟಿನ ಒಂದು ಬದಿಗೆ ರೋವರ್, ಅಂದರೆ ಬೇರೆ ಗ್ರಹದ ನೆಲದ ಮೇಲೆ ಓಡಿಸುವ ಗಾಡಿ, ಕಟ್ಟಿದಾಗ ಎದುರು ಬದಿಗೆ ಇಂಧನದ ಟ್ಯಾಂಕು ಇಡುವವರಿದ್ದಾರೆ. ಸುಡುತ್ತಾ ಹೋದಂತೆ ಅದು ಹಗುರಾಗುತ್ತದೆ, ರಾಕೆಟ್ ರೋವರ್ ಕಡೆ ವಾಲುತ್ತದೆ. ಪರದೆಯ ಕೆಳಗೆ ಎಡಮೂಲೆಯಲ್ಲಿ ಮೂಗನ್ನು ಮೇಲೆ-ಕೆಳಗೆ (ಪಿಚ್), ಎಡ-ಬಲಕ್ಕೆ (yaw) ಎಷ್ಟು ತಿರುಗಿಸಲಾಗುತ್ತಿದೆ ಎಂದು ತೋರಿಸುವ ಸೂಚಕ ಒಂದೇ ಕಡೆ ಅಂಟಿಕೊಂಡಿರುವುದೇ ಇದರ ಗುರುತು. ಆ ಟ್ಯಾಂಕಿನ ಮೆನುವಿನಲ್ಲಿ ಇಂಧನದ ಹೆಸರಿನ ಪಕ್ಕದ ಗುಂಡಿ ಒತ್ತಿ ಹರಿವು ನಿಲ್ಲಿಸಿ. ರೋವರ್ ಇಳಿಸಿದ ಕೂಡಲೇ ಅದೇ ಗುಂಡಿ ಒತ್ತಿದರೆ ಆ ಇಂಧನ ವಾಪಸು ಬರುವ ದಾರಿಗೆ ಸಿಗುತ್ತದೆ.