ಚಿರೆಕಲ್ಲು ಎಷ್ಟು ನೀರು ಕುಡಿಯುತ್ತದೆ?

ಕಾರವಾರದ ಮಳೆಗಾಲದಲ್ಲಿ ಕಲ್ಲು ಪರೀಕ್ಷೆ ಮಾಡುವವರಿಗೆ ಮೊದಲ ಶತ್ರು ತೇವದ ಗಾಳಿಯೇ. ಚಿರೆಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ತುಂಡನ್ನು ಬ್ರಷ್‌ನಿಂದ ಉಜ್ಜಿ, 105 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ. ಗಡಿಯಾರ ನೋಡಿ ತೆಗೆಯಬೇಡಿ, ತೂಕ ಇಳಿಯುವುದು ನಿಂತ ಮೇಲೆ ತೆಗೆಯಿರಿ. ಡೆಸಿಕೇಟರ್‌ ಎಂಬ, ತೇವ ತಾಗದ ಮುಚ್ಚಿದ ಪಾತ್ರೆಯ ಒಳಗೇ ತಣಿಯಲಿ. ಹೊಸದರಲ್ಲಿ ನಾನು ಮೇಜಿನ ಮೇಲಿಟ್ಟು ಚಾ ಕುಡಿದು ಬಂದೆ; ಅಷ್ಟರಲ್ಲಿ ಕಲ್ಲೂ ಕುಡಿದಿತ್ತು!

ಆಮೇಲೆ 24 ತಾಸು ನೀರಲ್ಲಿ ಮುಳುಗಿಸಿಟ್ಟು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ತಕ್ಷಣ ತೂಗಿ. ಒಣ ಬಟ್ಟೆ ಬೇಡ, ಅದು ರಂಧ್ರದೊಳಗಿನ ನೀರನ್ನೂ ಎಳೆದುಬಿಡುತ್ತದೆ. ಒಣಗಿದಾಗ 2000 ಗ್ರಾಂ, ನೆನೆದಾಗ 2210 ಬಂದರೆ ಹೀರಿಕೆ ಶೇ. 10.5. ಭಾಗಿಸುವುದು ಒಣ ತೂಕದಿಂದಲೇ. ಚಿರೆಕಲ್ಲಿಗಿರುವ ಭಾರತೀಯ ಮಾನಕ ಐಎಸ್ 3620ರ ಮಿತಿ ಶೇ. 12. ಒಂದೇ ತುಂಡನ್ನು ನಂಬಬೇಡಿ, ಕ್ವಾರಿಯ ಮೇಲಿನ ಪದರದ ಕಲ್ಲು ಬೇರೆ, ಅಡಿಯದು ಬೇರೆ.