ರೈಲ್ ಪಾಸ್ ಮುಗಿಯುವುದು ಯಾವ ಸ್ಟೇಷನ್‌ನಲ್ಲಿ?

ನಾನು ಯುರೋಪಿನಲ್ಲಿ ಮೊದಲ ಸಲ ದಂಡ ಕಟ್ಟಿದ್ದು ಬಾಸೆಲ್‌ನಲ್ಲಿ. ಆಫೀಸ್ ಕೆಲಸಕ್ಕೆ ಜರ್ಮನಿಗೆ ಹೋಗಿದ್ದೆ, ಕೊನೆಗೆ ಮೂರು ದಿನ ರಜೆ ಸಿಕ್ಕಿತು. ಜರ್ಮನ್ ರೈಲ್ ಪಾಸ್ ಕೊಂಡೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೂ ಅದು ನಡೆಯುತ್ತದೆ ಎಂದು ಓದಿದ್ದೆ. ಓದಿದ್ದೇನೋ ಸರಿ, ಪೂರ್ತಿ ಓದಿರಲಿಲ್ಲ. ಅಲ್ಲಿ ಬರೆದಿದ್ದದ್ದು 'ಬಾಸೆಲ್ ಬಾಡ್' ಎಂದು. ಆ ಬಾಲ ನನ್ನ ಕಣ್ಣಿಗೆ ಬೀಳಲಿಲ್ಲ.

ಬಾಸೆಲ್‌ನಲ್ಲಿ ಎರಡು ದೊಡ್ಡ ಸ್ಟೇಷನ್‌ಗಳಿವೆ. ಒಂದು ಬಾಡಿಶರ್ ಬಾನ್‌ಹೋಫ್, ಅಂದರೆ ಆ 'ಬಾಸೆಲ್ ಬಾಡ್'. ನೆಲ ಸ್ವಿಟ್ಜರ್ಲೆಂಡಿನದು, ನಡೆಸುವವರು ಜರ್ಮನ್ ರೈಲ್ವೆಯವರು. ಇನ್ನೊಂದು ಬಾಸೆಲ್ ಎಸ್‌ಬಿಬಿ, ಅದು ಸ್ವಿಸ್ ರೈಲ್ವೆಯದು. ನನ್ನ ಪಾಸ್ ಮೊದಲನೆಯದರಲ್ಲೇ ಮುಗಿದಿತ್ತು. ನಾನು ಕಿಟಕಿ ನೋಡುತ್ತಾ ಆರಾಮಾಗಿ ಕೂತೇ ಇದ್ದೆ. ಅಲ್ಲಿಂದ ಎಸ್‌ಬಿಬಿಗೆ ಹೆಚ್ಚೆಂದರೆ ಆರೇಳು ನಿಮಿಷದ ದಾರಿ. ಅಷ್ಟರಲ್ಲೇ ಟಿಸಿ ಬಂದರು. ಟಿಕೆಟ್ ದುಡ್ಡಿನ ಜೊತೆ ದಂಡವನ್ನೂ ಕೊಟ್ಟು ಇಳಿದೆ.

ಊರಿಗೆ ಬಂದು ಅಪ್ಪನಿಗೆ ಹೇಳಿದರೆ ಅವರು ನಕ್ಕರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. "ಇದರಲ್ಲೇನೋ ವಿಶೇಷ? ನಾನು ಸರ್ವೀಸಲ್ಲಿದ್ದಾಗ ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ಡಿವಿಜನ್ನು. ಆಂಧ್ರದ ಹಿಂದೂಪುರ ನಮ್ಮ ಬೆಂಗಳೂರು ಡಿವಿಜನ್ನು. ರೈಲ್ವೆಯವರ ಗಡಿ ಬೇರೆ, ಸರ್ಕಾರದ ಗಡಿ ಬೇರೆ" ಎಂದರು. ಅಷ್ಟು ದುಡ್ಡು ಕೊಟ್ಟು ಕಲಿತದ್ದನ್ನು ಅವರು ಕಾಫಿ ಹೀರುತ್ತಾ ಹೇಳಿಬಿಟ್ಟರು.

ಎರಡು ವರ್ಷದ ನಂತರ ಅಪ್ಪ ಮತ್ತು ಹೆಂಡತಿ ಜೊತೆ ಸ್ವಿಟ್ಜರ್ಲೆಂಡಿಗೆ ಹೊರಟೆ. ಮೂವರಿಗೂ 8 ದಿನದ ಸ್ವಿಸ್ ಟ್ರಾವೆಲ್ ಪಾಸ್. ಈ ಸಲ ಮೊದಲು ಮಾಡಿದ ಕೆಲಸ, ಪಾಸ್ ಜೊತೆ ಬರುವ ನಕ್ಷೆಯನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದ್ದು. ದೇಶದ ನಕ್ಷೆ ಅಲ್ಲ, ಪಾಸ್ ಎಲ್ಲೆಲ್ಲಿ ನಡೆಯುತ್ತದೆ ಎಂದು ತೋರಿಸುವ ನಕ್ಷೆ. ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ ನೋಡುವಷ್ಟರಲ್ಲಿ ಯಾವ ಗೆರೆ ಎಲ್ಲಿಗೆ ಹೋಯಿತು ಎನ್ನುವುದೇ ಮರೆತುಹೋಗುತ್ತದೆ. ಗೆರೆಗಳಲ್ಲೂ ಬಗೆಗಳಿವೆ. ಕೆಲವು ಪೂರ್ತಿ ಫ್ರೀ, ಕೆಲವಕ್ಕೆ ರಿಯಾಯಿತಿ ಮಾತ್ರ. ದೇಶದ ನಡುಮಧ್ಯದಲ್ಲೇ ಇರುವ ಯುಂಗ್‌ಫ್ರಾವ್ ಬೆಟ್ಟಕ್ಕೆ ಪಾಸ್ ನಡೆಯುವುದು ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ. ಅಲ್ಲಿಂದ ಮೇಲಕ್ಕೆ ದುಡ್ಡು ಕೊಟ್ಟೇ ಹತ್ತಬೇಕು. ನಾನು ಮಾತ್ರ ಗೆರೆಗಳ ತುದಿಗಳನ್ನಷ್ಟೇ ಹುಡುಕಿದೆ. ಒಂದೊಂದು ಗೆರೆ ಯಾವ ಸ್ಟೇಷನ್‌ನಲ್ಲಿ ನಿಲ್ಲುತ್ತದೋ ಅದರ ಸುತ್ತ ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದೆ.

ಇಷ್ಟೆಲ್ಲ ಮಾಡಿಯೂ ಮೊದಲ ಗಡಿಯಲ್ಲೇ ಎಡವಿದೆ, ಈ ಸಲ ಉಲ್ಟಾ ದಿಕ್ಕಿನಲ್ಲಿ. ಆಲ್ಪ್ಸ್ ಬೆಟ್ಟಗಳನ್ನು ದಾಟುವ ಬರ್ನಿನಾ ಲೈನು ಇಟಲಿಯ ಟಿರಾನೊ ಊರಿನವರೆಗೆ ಹೋಗುತ್ತದೆ. ನಕ್ಷೆಯಲ್ಲಿ ಗೆರೆ ಟಿರಾನೊ ತನಕ ಇದೆ. ನಾನೇ ಸೊನ್ನೆ ಸುತ್ತಿದ್ದೆ. ಆದರೂ ಹಿಂದಿನ ರಾತ್ರಿ ಬಾಸೆಲ್ ನೆನಪಾಗಿ ಎದೆ ಡವಡವ. ಸ್ವಿಟ್ಜರ್ಲೆಂಡಿನ ಕೊನೆಯ ಸ್ಟೇಷನ್ ಕಾಂಪೊಕೊಲೊನ್ಯೊದಿಂದ ಟಿರಾನೊಗೆ ಆ್ಯಪ್‌ನಲ್ಲಿ ಮೂರು ಟಿಕೆಟ್ ಕೊಂಡುಬಿಟ್ಟೆ.

ನಾವು ಹತ್ತಿದ್ದು ಮಾಮೂಲಿ ಲೋಕಲ್. ಪ್ರವಾಸಿಗರ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಪಾಸ್ ಇದ್ದರೂ ಸೀಟ್ ರಿಸರ್ವೇಶನ್‌ಗೆ ಬೇರೆ ದುಡ್ಡು ಕೊಡಬೇಕು. ಹಳಿ ಅದೇ, ಬೆಟ್ಟ ಅದೇ, ಲೋಕಲ್‌ನಲ್ಲಿ ಕಿಟಕಿಯೂ ಇಳಿಯುತ್ತದೆ. 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬರ್ನಿನಾದಿಂದ 429 ಮೀಟರಿನ ಟಿರಾನೊಗೆ ಇಳಿಯುವುದು ಗಾಡಿ ಜಾರದಂತೆ ಹಿಡಿಯುವ ಹಲ್ಲಿನ ಹಳಿ ಇಲ್ಲದೆ, ಬರೀ ಸಾದಾ ಮೀಟರ್‌ಗೇಜ್ ಮೇಲೆ. ಅಪ್ಪ ಅದನ್ನು ನಂಬಲು ಸಿದ್ಧರಿರಲಿಲ್ಲ. ಬ್ರೂಸಿಯೊದಲ್ಲಿ ರೈಲು ಒಂಬತ್ತು ಕಮಾನಿನ ಸೇತುವೆ ದಾಟಿ ಒಂದು ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ನುಸುಳಿತು. ಅಪ್ಪ ಎದ್ದು ನಿಂತು ಹಿಂದಿನ ಬೋಗಿಗಳನ್ನು ಎಣಿಸಿದರು.

ಟಿಸಿ ಬಂದಾಗ ಪಾಸ್ ಜೊತೆ ಆ ಮೂರು ಟಿಕೆಟನ್ನೂ ಹೆಮ್ಮೆಯಿಂದ ತೋರಿಸಿದೆ. ಆಕೆ ಪಾಸ್ ಸ್ಕ್ಯಾನ್ ಮಾಡಿದರು. ಟಿಕೆಟ್ ನೋಡಿ, ಇದು ಯಾಕೆ ಕೊಂಡಿರಿ ಎನ್ನುವ ಹಾಗೆ ತಲೆ ಆಡಿಸಿ ಮುಂದೆ ಹೋದರು. ಹೆಂಡತಿ ಏನೂ ಹೇಳಲಿಲ್ಲ. ನಕ್ಷೆ ಮಡಿಸಿ ನನ್ನ ತೊಡೆ ಮೇಲಿಟ್ಟಳು.

ಟಿರಾನೊದಲ್ಲಿ ಎರಡು ಸ್ಟೇಷನ್‌ಗಳು ಅಕ್ಕಪಕ್ಕದಲ್ಲೇ ಇವೆ. ನಾವು ಇಳಿದದ್ದು ಸ್ವಿಸ್ ಕಂಪನಿಯದು, ಪಕ್ಕದ್ದು ಇಟಲಿ ರೈಲ್ವೆಯದು. ಮಿಲಾನ್‌ಗೆ ಗಾಡಿ ಹೊರಡುವುದು ಆ ಪಕ್ಕದ ಸ್ಟೇಷನ್‌ನಿಂದ, ಅದಕ್ಕೆ ನಮ್ಮ ಪಾಸ್ ಬರೀ ಕಾಗದ. ಒಂದು ಊರು, ನಾಲ್ಕು ಹೆಜ್ಜೆ ದೂರ, ಇತ್ತ ನಡೆಯುತ್ತದೆ, ಅತ್ತ ನಡೆಯುವುದಿಲ್ಲ. ಬಾಸೆಲ್‌ನಲ್ಲಿ ನನಗೆ ತಲೆಗೆ ಹೋಗದ್ದು ಇಲ್ಲಿ ಕಣ್ಣಿಗೇ ಕಂಡಿತು.

ಮುಂದಿನ ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ. ಸ್ವಿಟ್ಜರ್ಲೆಂಡಿನ ಬ್ರಿಗ್‌ನಿಂದ ಲೋಕಲ್ ಹತ್ತಿದರೆ ಸಿಂಪ್ಲಾನ್ ಸುರಂಗ ಬರುತ್ತದೆ. 1906ರಲ್ಲಿ ತೆರೆದದ್ದು, ಉದ್ದ 20 ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ದೇಶದ ಗಡಿ ಇರುವುದು ಆ ಕತ್ತಲಿನ ಒಳಗೆ. ಪಾಸ್ ಅಲ್ಲಿ ನಿಲ್ಲುವುದಿಲ್ಲ, ಇಟಲಿಯ ಡೊಮೊಡೊಸ್ಸೊಲಾ ತನಕ ನಡೆಯುತ್ತದೆ. ಅಲ್ಲಿ ಮೆಟ್ಟಿಲಿಳಿದು ನೆಲದಡಿಯ ಪುಟ್ಟ ಸ್ಟೇಷನ್‌ಗೆ ಹೋದರೆ ಚೆಂಟೊವಲ್ಲಿ ರೈಲು ಸಿಗುತ್ತದೆ. 1923ರ ಲೈನು, 52 ಕಿಲೋಮೀಟರ್, ಕಣಿವೆಯ ಅಂಚಿನಲ್ಲಿ ತೆವಳಿಕೊಂಡು ಮತ್ತೆ ಸ್ವಿಟ್ಜರ್ಲೆಂಡಿನ ಲೊಕಾರ್ನೊಗೆ ಬರುತ್ತದೆ. ಇಟಲಿಯ ಭಾಗ ಸೇರಿಸಿ ಪೂರ್ತಿ ದಾರಿ ಪಾಸ್‌ನಲ್ಲೇ. ಮೊಬೈಲ್ ಮಾತ್ರ ದಾರಿಯುದ್ದಕ್ಕೂ ನೆಟ್‌ವರ್ಕ್ ಬದಲಿಸುತ್ತಾ ಇಟಲಿಗೆ ಸ್ವಾಗತ, ಸ್ವಿಟ್ಜರ್ಲೆಂಡಿಗೆ ಸ್ವಾಗತ ಎಂದು ಮೆಸೇಜ್ ಕಳಿಸುತ್ತಲೇ ಇತ್ತು. ಅದಕ್ಕೇ ಪಾಸನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದೆ. ನೀವೂ ಮಾಡಿಕೊಳ್ಳಿ, ಟಿಸಿ ಎದುರು ನಿಂತಾಗಲೇ ಸಿಗ್ನಲ್ ಹೋಗುತ್ತದೆ.

ಇಷ್ಟು ಸಲೀಸಾದ ಮೇಲೆ ಇಟಲಿಯ ಕೋಮೊ ಊರಿಗೂ ಹೀಗೇ ಹೋಗಬಹುದು ಅನ್ನಿಸುವುದು ಸಹಜ ಅಲ್ವಾ? ಸ್ವಿಟ್ಜರ್ಲೆಂಡಿನ ಲುಗಾನೊದಿಂದ ಮಿಲಾನ್ ಕಡೆಯ ರೈಲುಗಳಿವೆ, ಹತ್ತಿರ ಕೂಡ. ಆದರೆ ಆ ಗೆರೆ ಸ್ವಿಟ್ಜರ್ಲೆಂಡಿನ ಕೊನೆಯ ಸ್ಟೇಷನ್ ಕಿಯಾಸ್ಸೊದಲ್ಲೇ ನಿಂತಿತ್ತು, ಅದರ ಸುತ್ತ ನನ್ನ ಕೆಂಪು ಸೊನ್ನೆ. ಕಿಯಾಸ್ಸೊ ಆದ ಮೇಲೆ ಬರುವ ದೊಡ್ಡ ಸ್ಟೇಷನ್ನೇ ಕೋಮೊ. ಲುಗಾನೊದಿಂದ ಪೂರ್ತಿ ಟಿಕೆಟ್ ಬೇಕಿಲ್ಲ, ಕಿಯಾಸ್ಸೊದಿಂದ ಕೋಮೊಗೆ ಮಾತ್ರ ಕೊಂಡರೆ ಸಾಕು. ನಡುವೆ ಇಳಿದು ಹತ್ತುವ ಗೋಜೂ ಇಲ್ಲ. ಒಂದು ಮಾತು: ದೂರದ ಯೂರೋಸಿಟಿ ಗಾಡಿಯಲ್ಲಿ ಇಟಲಿಗೆ ದಾಟುವುದಾದರೆ ಸೀಟ್ ರಿಸರ್ವೇಶನ್ ಕಡ್ಡಾಯ. ಲೋಕಲ್‌ಗೆ ಆ ತಾಪತ್ರಯ ಇಲ್ಲ, ಅದಕ್ಕೇ ಲೋಕಲ್ ಹಿಡಿದೆವು.

ಕಿಯಾಸ್ಸೊದಲ್ಲಿ ರೈಲು ಸುಮಾರು ಹೊತ್ತು ನಿಂತಿತು. ಅಪ್ಪ ಪ್ಲಾಟ್‌ಫಾರ್ಮ್ ಕಡೆ ನೋಡುತ್ತಾ, "ಇಲ್ಲಿ ಸ್ಟಾಫ್ ಬದಲಾಗ್ತಾರೆ ಕಣೋ, ಟಿಕೆಟ್ ಕೈಯಲ್ಲಿಟ್ಕೋ" ಎಂದರು. ಹೋಗುವಾಗ ಯಾರೂ ಕೇಳಲಿಲ್ಲ. ಸಂಜೆ ವಾಪಸ್ ಬರುವಾಗ ಕೋಮೊ ಬಿಟ್ಟ ಎರಡೇ ನಿಮಿಷಕ್ಕೆ ಟಿಸಿ ಬಂದರು. ಮೂರು ಟಿಕೆಟ್, ಮೂರು ಪಾಸ್ ಜೋಡಿಸಿ ಕೊಟ್ಟೆ. ಅವರು ಟಿಕೆಟನ್ನಷ್ಟೇ ನೋಡಿ ಪಾಸ್ ವಾಪಸ್ ಕೊಟ್ಟರು. ಕಿಯಾಸ್ಸೊ ದಾಟಿದ ಮೇಲೆ ಬಂದ ಇನ್ನೊಬ್ಬರು ಪಾಸನ್ನಷ್ಟೇ ನೋಡಿದರು.