ಓರೆ ಬೆಳಕಿನಲ್ಲಿ ಕಾಣುವ ಚಿತ್ರ

ನನಗಿರುವುದು ಫೈಬ್ರೊಮಯಾಲ್ಜಿಯಾ, ಅಂದರೆ ಮೈಯ ಹಲವು ಕಡೆ ಬಹುಕಾಲ ನೋಯುವ ಕಾಯಿಲೆ, ಎಂದು ತಿಳಿಯುವ ಹೊತ್ತಿಗೆ ನನ್ನ ರಕ್ತಪರೀಕ್ಷೆಯ ವರದಿಗಳ ಕಡತ ದಪ್ಪವಾಗಿತ್ತು. ಪ್ರತಿಯೊಂದರಲ್ಲೂ ‘ನಾರ್ಮಲ್’ ಎಂದೇ ಇತ್ತು. ಕೀಲುಗಳು ಸವೆದಿಲ್ಲ, ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಹಿಗ್ಗಿಸಿ ಗ್ರಹಿಸುತ್ತಿವೆ ಎಂದು ವೈದ್ಯರು ವಿವರಿಸಿದರು. ಸರಸ್ವತಿಪುರಂನ ಮನೆಗೆ ಬಂದು ಅದನ್ನೇ ಹೇಳಿದಾಗ ಅತ್ತೆಯವರು, “ನೋಡಕ್ಕೆ ಚೆನ್ನಾಗೇ ಇದ್ದೀಯಲ್ಲಮ್ಮ” ಎಂದರು. ಅದು ಕೊಂಕಲ್ಲ, ಕಣ್ಣಿಗೆ ಕಂಡದ್ದನ್ನೇ ಅವರು ಹೇಳಿದ್ದರು.

ಮದುವೆಗೆ ಮುಂಚೆ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಕಲಿತಿದ್ದೆನಾದ್ದರಿಂದ ನೋವನ್ನು ಬರೆದು ತೋರಿಸೋಣವೆನ್ನಿಸಿತು. ಮೊದಲು ಬೆನ್ನಿನ ಮೇಲೆ ಕೆಂಪು ಜ್ವಾಲೆಗಳನ್ನು ಬರೆದೆ. ಅದು ನೋವಿನ ಮುಲಾಮಿನ ಜಾಹೀರಾತಿನಂತಿತ್ತು, ಹರಿದು ಹಾಕಿದೆ. ಕಾಣದಿರುವುದೇ ಈ ಕಾಯಿಲೆಯ ಗುಣವಾಗಿರುವಾಗ ಅದನ್ನು ಢಾಳಾಗಿ ಕಾಣಿಸುವುದೇ ತಪ್ಪಾಗಿತ್ತು.

ದಾರಿ ತೋರಿದ್ದು ಜೆಸ್ಸೊ, ಅಂದರೆ ಬಿಳಿ ಪುಡಿಗೆ ಗೋಂದು ಬೆರೆಸಿದ ಲೇಪ. ನಮ್ಮ ಶೈಲಿಯಲ್ಲಿ ಆಭರಣ, ಸೆರಗಿನ ಅಂಚು, ಪ್ರಭಾವಳಿಗಳನ್ನು ಜೆಸ್ಸೊದಿಂದ ತುಸುವೇ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ತಂಜಾವೂರಿನ ಚಿತ್ರಗಳಲ್ಲಿರುವಷ್ಟು ದಪ್ಪ ಇಲ್ಲಿರುವುದಿಲ್ಲ. ನಾನು ನೋವಿರುವ ಜಾಗಗಳನ್ನು ಉಬ್ಬಿಸಿ, ಚಿನ್ನ ಹಾಕದೆ, ಮೈಬಣ್ಣವನ್ನೇ ಬಳಿದೆ. ಈ ಕಾಯಿಲೆಯ 2010ರ ರೋಗನಿರ್ಣಯ ಮಾನದಂಡದಲ್ಲಿ ಹಿಂದಿನ ಒಂದು ವಾರದಲ್ಲಿ ದೇಹದ 19 ಭಾಗಗಳ ಪೈಕಿ ಎಷ್ಟರಲ್ಲಿ ನೋವಿತ್ತೆಂದು ಎಣಿಸುತ್ತಾರೆ. ನನ್ನ ಲೆಕ್ಕ 13 ಆಗಿತ್ತು. ಹುಣಸೆ ಕಡ್ಡಿಯ ಇದ್ದಿಲಿನಿಂದ ನಿಂತ ಹೆಂಗಸೊಬ್ಬಳ ರೇಖೆ ಎಳೆದು, ದವಡೆ, ಕತ್ತು, ಭುಜ, ಸೊಂಟ ಎಂದು ಆ 13 ಭಾಗಗಳನ್ನು ಗುರುತಿಸಿಕೊಂಡೆ.

ಜಿಂಕ್ ವೈಟ್ ಪುಡಿಗೆ ಗೋಂದಿನ ನೀರು ಬೆರೆಸಿ, ತೆಳುವಾಗಿ ಒಂದು ಪದರ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದನ್ನು ಹಚ್ಚಬೇಕು. ಆತುರಪಟ್ಟರೆ ಬಿರುಕು ಬಿಡುತ್ತದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕುಂಚ ಹಿಡಿಯಲಾರದ ನನ್ನ ಕೈಗೆ ಈ ಕಾಯುವಿಕೆ ಹೇಳಿ ಮಾಡಿಸಿದಂತಿತ್ತು. ಕುಂಚದ ಹಿಡಿಗೆ ಹಳೆಯ ಹತ್ತಿ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡೆ. ಆಷಾಢದ ತೇವದಲ್ಲಿ ಭುಜವೊಂದಕ್ಕೇ ಒಂಬತ್ತು ದಿನ ಹಿಡಿಯಿತು. ಮೈಬಣ್ಣ ಬಳಿಯುವಾಗ ಒದ್ದೆ ಕುಂಚವನ್ನು ಎರಡು ಸಲ ಹೆಚ್ಚಾಗಿ ಆಡಿಸಿದ್ದಕ್ಕೆ ಗೋಂದು ಕರಗಿ, ಎಡ ಮುಂಗೈಯ ಉಬ್ಬು ಅಳಿಸಿಯೇ ಹೋಯಿತು. (ನಿಜವಾದ ಮುಂಗೈಗೆ ಆ ಭಾಗ್ಯವಿರಲಿಲ್ಲ.)

ಚಿತ್ರವನ್ನು ಎಲ್ಲಿ ತೂಗುಹಾಕುವುದೆಂಬುದೂ ಕೆಲಸದ ಭಾಗವೇ ಆಯಿತು. ಎದುರಿನಿಂದ ಟ್ಯೂಬ್‌ಲೈಟ್ ಬಿದ್ದರೆ ರೇಷ್ಮೆ ಸೀರೆಯುಟ್ಟ ಆರೋಗ್ಯವಂತೆಯೊಬ್ಬಳು ಕಾಣುತ್ತಾಳೆ. ಪಡುವಣ ಕಿಟಕಿಯ ಪಕ್ಕದ ಗೋಡೆಯಲ್ಲಿಟ್ಟರೆ ಸಂಜೆಯ ಓರೆ ಬಿಸಿಲಿಗೆ ಉಳಿದ ಉಬ್ಬುಗಳೆಲ್ಲ ನೆರಳು ಚೆಲ್ಲುತ್ತವೆ. ಧೂಳು ಒರೆಸುತ್ತಿದ್ದ ಅತ್ತೆಯವರ ಕೈ ಒಂದು ಸಂಜೆ ಆ ಭುಜದ ಮೇಲೆ ನಿಂತಿತು. “ಇಲ್ಲೂ ನೋಯತ್ತಾ?” ಎಂದು ಕೇಳಿದರು.

ಎಷ್ಟು ಮಲಗಿದರೂ ತೀರದ ದಣಿವನ್ನು ಮಾತ್ರ ಜೆಸ್ಸೊ ಹಿಡಿಯಲಾರದು. ಅದಕ್ಕಾಗಿ ಸದ್ಯ ಇದ್ದಿಲಿನ ರೇಖೆಗಳನ್ನೇ ಬರೆದು ಅಳಿಸುತ್ತಿದ್ದೇನೆ.